ರಸಗುಂಡು ತಿನ್ನದವರು

ಗಜೇಂದ್ರಗಡದ ರಸಗುಂಡು ಪೆಪ್ಪರಮಿಂಟಿಗೆ ಐವತ್ತು ತುಂಬಿತೆಂದು ಊರ ತುಂಬ ಫ್ಲೆಕ್ಸು ಎದ್ದಿದ್ದವು. ಬಸ್‌ಸ್ಟ್ಯಾಂಡಿನ ಎದುರಿನದು ಎಲ್ಲಕ್ಕಿಂತ ದೊಡ್ಡದು. ಅದರಲ್ಲಿ ತೀರಿಹೋದ ವಾಮನರಾಯರು ಕರಿ ಟೊಪ್ಪಿಗೆ ಹಾಕಿಕೊಂಡು, ಕುಂಬಳಕಾಯಿಯಷ್ಟು ದೊಡ್ಡ ಕಿತ್ತಳೆ ಪೆಪ್ಪರಮಿಂಟನ್ನು ಅಂಗೈಯಲ್ಲಿ ಹಿಡಿದು ನಗುತ್ತಿದ್ದರು. ಬದುಕಿದ್ದಾಗ ಆ ಮನುಷ್ಯ ಅದನ್ನು ಕೈಯಿಂದ ಮುಟ್ಟಿದವರಲ್ಲ. ಸತ್ತ ಮೇಲೆ ಕಂಪ್ಯೂಟರು ಹಿಡಿಸಿತ್ತು.

ಕೆಲಸಕ್ಕೆ ಹೊರಟ ಶಹನಾಜ ಅದನ್ನು ನೋಡಿ ನಕ್ಕಳು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

ರಸಗುಂಡಿನ ಪಾಕ ಮಾಡುವವಳು ಇವಳೇ. ಮೊದಲು ಇವಳ ದಾದಾ, ಅಂದರೆ ಅಪ್ಪನ ಅಪ್ಪ, ಇಸ್ಮಾಯಿಲಸಾಬ ಮಾಡಿದ, ಆಮೇಲೆ ಅಪ್ಪ ಮಾಡಿದ, ಈಗ ಇವಳು ಮಾಡುತ್ತಾಳೆ. ವಾಮನರಾಯರ ಮನೆಯವರು ಮಾರಿದರು. ರೋಣದ ಕಿರಾಣಿ ಅಂಗಡಿಯ ಗಾಜಿನ ಭರಣಿ, ನರಗುಂದದ ಸಂತೆ, ಕೊಣ್ಣೂರಿನ ಚಹಾದಂಗಡಿ, ಜಕ್ಕಲಿಯ ಶಾಲೆಯ ಗೇಟು, ಹೀಗೆ ರಸಗುಂಡು ಹೋಗದ ಜಾಗವಿಲ್ಲ. ಚಿಲ್ಲರೆ ಇಲ್ಲದ ಕಂಡಕ್ಟರು ಕೂಡ ಪ್ರಯಾಣಿಕರ ಕೈಗೆ ಅದನ್ನೇ ಇಟ್ಟು ಮುಂದಿನ ಸೀಟಿಗೆ ದಾಟುತ್ತಾನೆ. ಆ ಸೀಮೆಯಲ್ಲಿ ರಸಗುಂಡು ಚೀಪದೆ ಬೆಳೆದ ಗಲ್ಲ ಒಂದೇ ಒಂದು ಮನೆಯಲ್ಲಿತ್ತು. ಅದು ರಸಗುಂಡಿನ ಮಾಲೀಕರ ಮನೆ.

ಇದು ಗುಟ್ಟೇನಲ್ಲ. ಸಾಬರ ಕೈಯ ಪಾಕವನ್ನು ಆ ಮನೆಯವರು ಬಾಯಿಗೆ ಹಾಕುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಆಡುವುದಿಲ್ಲ. ಮಾಲೀಕರು ಒಳ್ಳೆಯವರು, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ, ಮಾತು ಮೆತ್ತಗೆ. ನಮ್ಮಲ್ಲಿ ಮೆತ್ತಗೆ ಮಾತಾಡುವವನ ಎಲ್ಲ ಹೊಲಸಿಗೂ ಸಂಪ್ರದಾಯವೆಂದು ಹೆಸರಿಡುವ ರೂಢಿ ಇದೆ.

ಸಮಾರಂಭಕ್ಕೆ ಮೂರು ದಿನ ಇರುವಾಗ ಮಾಲೀಕ ರಾಘಣ್ಣ ಅವಳನ್ನು ಆಫೀಸಿಗೆ ಕರೆಸಿದ. ಇವನು ವಾಮನರಾಯರ ಒಬ್ಬನೇ ಮಗ.

“ಬಾ ಶಹನಾಜ. ಕೂಡು ಅಂದ್ರ ನೀ ಎಲ್ಲಿ ಕೂಡ್ತಿ.”

ಕೂಡಲು ಅಲ್ಲಿ ಇನ್ನೊಂದು ಕುರ್ಚಿಯೇ ಇರಲಿಲ್ಲ.

“ಕಾರ್ಯಕ್ರಮದಾಗ ಮೂರು ತಲಿಮಾರು ಸ್ಟೇಜಿನ ಮ್ಯಾಲ ಒಮ್ಮೆಲೇ ರಸಗುಂಡು ಬಾಯಾಗ ಹಾಕ್ಕೋಬೇಕು ಅಂತ ನಮ್ಮ ಹುಡುಗ ಪ್ರಾಣೇಶನ ಪ್ಲ್ಯಾನ್ ಅದ. ಅವ್ವ, ನಾನು, ಅಂವ. ಫೋಟೋ ಹೊಡೀತಾರ, ವಿಡಿಯೋ ಮಾಡ್ತಾರ.”

“ಚಲೋ ಆತ್ರಿ. ಅವತ್ತ ಮುಂಜಾನೆ ಹೊಸಾ ಪಾಕ ತಗೀತೀನಿ.”

ರಾಘಣ್ಣ ತಿರುಗುವ ಫ್ಯಾನನ್ನು ನೋಡಿದ. ಹೇಳಬಾರದ್ದನ್ನು ಹೇಳುವಾಗ ಅವನ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

“ಅದಲ್ಲ. ಅವ್ವ ವಯಸ್ಸಾದಾಕಿ. ಆಕೀ ಮಡಿ, ಆಕೀ ನೇಮ, ನಿನಗ ಗೊತ್ತಿದ್ದದ್ದ. ಅದಕ್ಕ ಮನ್ಯಾಗ ಅಡಿಗಿ ಭಟ್ಟರು ಒಂದು ತಾಟು ಮಾಡ್ತಾರ. ನೀ ಏನೂ ಮಾಡಬ್ಯಾಡ. ಬಿಳೀ ಟೊಪಿಗಿ, ಏಪ್ರನ್ ಕೊಡ್ತೀವಿ, ಹಾಕ್ಕೊಂಡು ತಾಟಿನ ಬಾಜೂಕ ನಿಂದ್ರು. ಫ್ಯಾಕ್ಟರಿದು ಅನಸಬೇಕಲ್ಲ.”

“ನಾ ಮಾಡಲಾರದ್ದರ ಬಾಜೂಕ ನಾ ನಿಂದರಬೇಕ್ರಿ?”

“ನಿಂದ್ರೂದಕ್ಕ ಏನು ಹೋಗ್ತದ?”

ಶಹನಾಜ ಆಗುವುದಿಲ್ಲ ಎನ್ನಲು ಹೊರಟಳು, ಮನೆಯ ನೆನಪಾಯಿತು. ಮನೆಯಲ್ಲಿ ದಾದಿ ಇದ್ದಳು. ಇಸ್ಮಾಯಿಲಸಾಬನ ಹೆಂಡತಿ ಬೀಬಿಜಾನ. ಹಲ್ಲು ಹೋಗಿ, ಕಣ್ಣು ಮಂದವಾಗಿ, ಕಿವಿ ಮಾತ್ರ ಇನ್ನೂ ಚುರುಕಾಗಿ ಉಳಿದ ಮುದುಕಿ. ಸಮಾರಂಭದ ಸುದ್ದಿ ಕಿವಿಗೆ ಬಿದ್ದಂದಿನಿಂದ ಅವಳದು ಒಂದೇ ರಾಗ. ನಿಮ್ಮ ದಾದಾನ ಹೆಸರು ಮೈಕಿನ್ಯಾಗ ಒಮ್ಮೆ ಕೂಗಲಿ, ಕೇಳಿ ಕಣ್ಣು ಮುಚ್ಚತೀನಿ. ಮನೆ ಕೇಳಲಿಲ್ಲ, ಹೊಲ ಕೇಳಲಿಲ್ಲ. ಮೈಕಿನಲ್ಲಿ ಒಂದು ಹೆಸರು.

“ನಿಂದರತೀನ್ರಿ” ಅಂದಳು ಶಹನಾಜ. “ಪ್ರಾಣೇಶ ಅದೇನೋ ಚರಿತ್ರಾ ಓದತಾನಂತಲ್ರಿ, ಅದರಾಗ ನಮ್ಮ ದಾದಾನ ಹೆಸರು ಬರಬೇಕು. ಒಂದ ಸಲ. ಅಷ್ಟ.”

“ಅಯ್ಯ, ಅದೇನು ದೊಡ್ಡ ಮಾತು! ಓದಸ್ತೀನಿ. ರಾಯರ ಆಣಿ.”

ಮನೆಗೆ ಹೋಗಿ ಹೇಳಿದಾಗ ಬೀಬಿಜಾನ ಎರಡು ಸಲ ಕೇಳಿದಳು.

“ಮೈಕಿನ್ಯಾಗ?”

“ಮೈಕಿನ್ಯಾಗ, ದಾದಿ.”

“ಹಂಗಾರ ನನ್ನ ಹಸರ ಸೀರಿ ತಗದಿಡು. ಮತ್ತ ಚೀಲದಾಗ ಒಂದಿಷ್ಟು ಲಿಂಬಿ ಗುಂಡು ಹಾಕ್ಕೊಂಡು ಬಾ. ಹೆಸರು ಕೇಳೂ ಮುಂದ ಬಾಯಾಗ ಇರಬೇಕು.”

ಸಮಾರಂಭದ ಮುಂಜಾನೆ ಶಹನಾಜ ಕಾರ್ಖಾನೆಯ ಗೇಟಿನಲ್ಲಿ ಲಿಂಬಿ ಗುಂಡನ್ನು ಚೀಲಕ್ಕೆ ತುಂಬುತ್ತಿದ್ದಳು. ಅಷ್ಟರಲ್ಲಿ ಸಿದ್ದಲಿಂಗ ಓಡಿ ಬಂದ. ಅವನು ಅಲ್ಲಿಯ ರೋಲರು ತಿರುಗಿಸುವವನು. ಮಾಲೀಕರ ಮನೆಗೆ ಗ್ಯಾಸಿನ ಸಿಲಿಂಡರು ಹೊತ್ತುಕೊಟ್ಟು ಬಂದಿದ್ದ. ನಗು ತಡೆದು ತಡೆದು ಅವನ ಮುಖ ನೇರಳೆಯಾಗಿತ್ತು.

“ಅಕ್ಕಾ, ನಮ್ಮ ಹುಳಿಪುಡಿ ಡಬ್ಬಿ ಕೊಟ್ಟು ಕಳಿಸಿದ್ರಲ್ಲ, ಭಟ್ಟರು ವಾಪಸ ಕಳಿಸ್ಯಾರ.”

“ಯಾಕಂತ?”

“ನೀವು ಮುಟ್ಟೀರಂತ. ಅಡಿಗಿ ಮನಿಗೆ ನಡಿಯಂಗಿಲ್ಲಂತ.”

“ಮತ್ತ ಹುಳಿಗೆ ಏನು ಹಾಕಿದ್ರೋ?”

“ಹುಳಿ ಎಲ್ಲೀದು ಅಕ್ಕಾ! ಕಡೀಕ ತುಳಸಿ ನೀರು ಚಿಮಕಿಸಿದ್ರು, ಶುದ್ಧ ಆಗಲಿ ಅಂತ. ಚಿಮಕಿಸಿ ಉಂಡೀ ಪಾಕದಂಗ ಗರಗರ ಗರಗರ ಕೈಯಾಡಿಸ್ಯಾರ, ಕೈಯಾಡಿಸ್ಯಾರ, ಒಲಿನ ಅಳಬೇಕು ಹಂಗ.”

ಪೆಪ್ಪರಮಿಂಟಿನ ಪಾಕ ಬಲು ಸಿಡುಕಿನದು. ಕುದಿಯುವಾಗ ಅದಕ್ಕೆ ಒಂದು ಚಿಟಿಕೆ ಹುಳಿ ಬೀಳಬೇಕು, ಹದಕ್ಕೆ ಬಂದ ಮೇಲೆ ಅದನ್ನು ಕೆಣಕಬಾರದು. ಕೆಣಕಿದರೆ ಗಾಜಿನಂತೆ ಇರಬೇಕಾದದ್ದು ಮರಳಿ ಸಕ್ಕರೆಯಾಗಿ ಕೂತುಬಿಡುತ್ತದೆ. ಇದು ಕಾರ್ಖಾನೆಯ ಕಸ ಗುಡಿಸುವವರಿಗೂ ಗೊತ್ತಿತ್ತು. ಆ ಮನೆಯಲ್ಲಿ ಗೊತ್ತಿರಲಿಲ್ಲ, ಏಕೆಂದರೆ ಆ ಮನೆಯವರು ಐವತ್ತು ವರ್ಷ ಒಲೆಯ ಹತ್ತಿರ ಹಾಯಲಿಲ್ಲ.

“ಹೇಳಿ ಬರ್ಲೇನಕ್ಕಾ?”

“ಬ್ಯಾಡ” ಅಂದಳು ಶಹನಾಜ. “ನನಗ ನಿಂದ್ರು ಅಂದಾರ. ಮಾತಾಡು ಅಂದಿಲ್ಲ.”

ಕಲ್ಯಾಣಮಂಟಪ ತುಂಬಿತ್ತು. ರೋಣದ ಅಂಗಡಿಕಾರರು, ನರಗುಂದದ ಏಜೆಂಟರು, ಶಾಲೆ ಬಿಡಿಸಿ ಕರೆತಂದ ಹುಡುಗರು, ಹಿಂದಿನ ಸಾಲಿನಲ್ಲಿ ಕೆಲಸಗಾರರು. ಕೆಲಸಗಾರರಿಗೆ ಹಿಂದಿನ ಸಾಲು ಎಂದು ಯಾರೂ ಹೇಳಿರಲಿಲ್ಲ, ಅವರೇ ಹೋಗಿ ಕೂತಿದ್ದರು. ಹೇಳದೆಯೇ ಹೋಗಿ ಕೂಡುವಂತೆ ಮಾಡುವುದರಲ್ಲಿ ಇಂಥ ಮನೆಗಳದು ಎತ್ತಿದ ಕೈ. ಬೀಬಿಜಾನ ಹಸಿರು ಸೀರೆಯಲ್ಲಿ ಸ್ಪೀಕರಿನ ಡಬ್ಬಿಗೆ ಆತುಕೊಂಡು ಕೂತಿದ್ದಳು. ಹೆಸರು ಮೊದಲು ತನ್ನ ಕಿವಿಗೇ ಬೀಳಬೇಕಲ್ಲ.

ವೇದಿಕೆಯ ಮೇಲೆ ಹೂವಿನ ಹಾರದ ಹಿಂದೆ ವಾಮನರಾಯರ ಪಟ. ಅದರ ಕೆಳಗೆ ಅವರ ಹೆಂಡತಿ ಇಂದಿರಾಬಾಯಿ ಜರಿಯಂಚಿನ ಸೀರೆಯಲ್ಲಿ, ಕೆಮ್ಮಿದರೂ ಮಂಟಪಕ್ಕೆಲ್ಲ ಕೇಳುವಂತೆ ಎದುರಿಗೆ ಒಂದು ಮೈಕು. ಬಲಕ್ಕೆ ರಾಘಣ್ಣ, ಎಡಕ್ಕೆ ಜಿಲ್ಲೆಯಿಂದ ಬಂದ ಪುಢಾರಿಯೊಬ್ಬ, ಗರಿಗರಿ ಬಿಳಿ ಅಂಗಿ. ನಡುವೆ ಮೇಜಿನ ಮೇಲೆ ಬೆಳ್ಳಿಯ ತಾಟು, ಅದರ ಮೇಲೆ ಕೆಂಪು ವಸ್ತ್ರ. ತಾಟಿನ ಬಾಜೂಕ ಬಿಳಿ ಟೊಪ್ಪಿಗೆ ಹಾಕಿಕೊಂಡು ಶಹನಾಜ ನಿಂತಿದ್ದಳು, ಮದುವೆ ಮನೆಯ ಬಾಗಿಲಿಗೆ ನಿಲ್ಲಿಸಿದ ಗೊಂಬೆಯಂತೆ. ಹೆಗಲಿಗೆ ಮಾತ್ರ ಅವಳ ಹಳೆಯ ಚೀಲ.

ರಾಘಣ್ಣನ ಮಗ ಪ್ರಾಣೇಶ ಹುಬ್ಬಳ್ಳಿಯಲ್ಲಿ ಮಾರ್ಕೆಟಿಂಗು ಓದಿ ಬಂದವನು. ಅವನೇ ಬರೆದ ‘ರಸಗುಂಡಿನ ಚರಿತ್ರೆ’ಯನ್ನು ಅವನೇ ಓದಲು ನಿಂತ.

“ನಮ್ಮ ಅಜ್ಜಾರು ವಾಮನರಾಯರಿಗೆ ಒಂದು ರಾತ್ರಿ ಕನಸಿನಲ್ಲಿ ಲಿಂಬೆಹಣ್ಣಿನ ಮರ ಕಾಣಿಸಿತು. ಅಂದೇ ನಮ್ಮ ಮೊದಲ ರುಚಿ, ಲಿಂಬೆ, ಹುಟ್ಟಿತು.”

ಕನಸು! ಶಹನಾಜ ಕೆಳತುಟಿ ಕಚ್ಚಿದಳು. ಇಸ್ಮಾಯಿಲಸಾಬ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಎರೆಯುವವನು. ಕಟ್ಟಿಗೆಯ ಅಚ್ಚಿಗೆ ಪಾಕ ಸುರಿದು ಆನೆ, ತೇರು, ಗಿಳಿ ತೆಗೆಯುತ್ತಿದ್ದ. ವಾಮನರಾಯರ ಮನೆಗೂ ಅವನದೇ ಆರತಿ ಹೋಗುತ್ತಿತ್ತು. ಗೌರಿಗೆ ಬೆಳಗಲು ಅದು ನಡೆಯುತ್ತಿತ್ತು, ಬೆಳಗಿದ ಮೇಲೆ ಆ ಮನೆಯವರ ಬಾಯಿಗೆ ನಡೆಯುತ್ತಿರಲಿಲ್ಲ, ಹಿತ್ತಲ ಬಾಗಿಲಿನಿಂದ ದನ ಕಾಯುವವರ ಮಕ್ಕಳ ಕೈಗೆ ಹೋಗುತ್ತಿತ್ತು. ದೇವಿಗಿಂತ ದೊಡ್ಡ ಮಡಿ! ಒಂದು ವರ್ಷ ಮಿಕ್ಕ ಪಾಕಕ್ಕೆ ಇಸ್ಮಾಯಿಲಸಾಬ ಲಿಂಬೆಹುಳಿ ಹೆಚ್ಚಿಗೆ ಹಾಕಿ ಗುಂಡು ಕಟ್ಟಿ ಓಣಿಯ ಹುಡುಗರಿಗೆ ಹಂಚಿದ. ಹುಡುಗರು ಮರುದಿನವೂ ಬಂದು ಬಾಗಿಲಲ್ಲಿ ಕೂತರು. ಆ ಗದ್ದಲವನ್ನು ಎದುರಿನ ಕಟ್ಟೆಯ ಮೇಲಿಂದ ವಾಮನರಾಯರು ನೋಡಿದರು. ಅವರು ಕಂಡದ್ದು ಲಿಂಬೆಯ ಮರವಲ್ಲ, ಗಿರಾಕಿ.

“ಎರಡನೆಯದು ಕಿತ್ತಳೆ. ಮೂರನೆಯದು ಅನಾನಸ್. ಅದಕ್ಕಾಗಿ ಅಜ್ಜಾರು ಸ್ವತಃ ಕೇರಳಕ್ಕೆ ಹೋಗಿ ತೋಟಗಳನ್ನು ಅಧ್ಯಯನ ಮಾಡಿದರು.”

ವಾಮನರಾಯರು ಗದಗಿನ ಆಚೆಗೆ ಹೋಗಬೇಕಾದರೆ ಪಂಚಾಂಗ ನೋಡುತ್ತಿದ್ದರು. ಅನಾನಸನ್ನು ಆಗ ಊರಲ್ಲಿ ಒಬ್ಬರೂ ಕಂಡಿರಲಿಲ್ಲ, ಇಸ್ಮಾಯಿಲಸಾಬನೂ. ಎಸೆನ್ಸಿನ ಬಾಟಲಿಯ ಮೇಲಿನ ಚಿತ್ರ ನೋಡಿ ಅಚ್ಚು ಕೆತ್ತಿದ, ಅದು ಥೇಟು ಜೋಳದ ತೆನೆಯಾಯಿತು. ಜಕ್ಕಲಿಯ ಹುಡುಗರು ಇವತ್ತಿಗೂ ಅದನ್ನು ‘ತೆನಿ’ ಎಂದೇ ಕೇಳಿ ಕೊಳ್ಳುತ್ತಾರೆ.

ನೇರಳೆಯ ಬಗ್ಗೆ ಪ್ರಾಣೇಶ ಆಯುರ್ವೇದ ತಂದ. ನಿಜದಲ್ಲಿ ಅದು ನಾಲಿಗೆ ಬಣ್ಣವಾಗುತ್ತದೆಂದು ಹುಡುಗರು ಮುಗಿಬಿದ್ದ ರುಚಿ. ನರಗುಂದದ ಮಾಸ್ತರರೊಬ್ಬರು ತರಗತಿಗೆ ಬಂದ ಕೂಡಲೇ ಎಲ್ಲರ ನಾಲಿಗೆ ಹೊರಗೆ ಹಾಕಿಸಿ ನೋಡುತ್ತಿದ್ದರಂತೆ. ಮಾವಿನ ಬಗ್ಗೆ ದಾನಧರ್ಮ ತಂದ. ಮೆಣಸಗಿಗೆ ಮಲಪ್ರಭೆ ನುಗ್ಗಿದ ವರ್ಷ ಗಂಜಿ ಕೇಂದ್ರದ ಮಕ್ಕಳಿಗೆ ಚೀಲಗಟ್ಟಲೆ ಮಾವಿನ ರಸಗುಂಡು ಕಳಿಸಿದ ಪುಣ್ಯ ಈ ಮನೆಯದಂತೆ. ಮಳೆಗಾಲದ ತೇವಕ್ಕೆ ಅಂಟಿಕೊಂಡು ಗಡ್ಡೆಯಾಗಿ, ಯಾವ ಅಂಗಡಿಯೂ ತೆಗೆದುಕೊಳ್ಳದ ಮಾಲು ಅದು. ಶಹನಾಜಳೇ ಸುತ್ತಿಗೆಯಿಂದ ಒಡೆದು ಚೀಲಕ್ಕೆ ತುಂಬಿದ್ದಳು. ಕಡೆಯದು ಉಪ್ಪು ಖಾರದ ಪೇರಲ, ಈಗ ಎಲ್ಲಕ್ಕಿಂತ ಹೆಚ್ಚು ಹೋಗುವುದು. ಇವಳ ತಂಗಿ ನಾಜಮೀನ ಬಸುರಿಯಾಗಿದ್ದಾಗ ಪೇರಲಕ್ಕೆ ಖಾರಪುಡಿ ಹಚ್ಚಿ ತಿನ್ನುತ್ತಿದ್ದುದನ್ನು ನೋಡಿ ಇವಳು ಮಾಡಿದ ರುಚಿ. ಪ್ರಾಣೇಶ ಓದಿದ: “ಯುವಜನರ ಅಭಿರುಚಿಯ ಬಗ್ಗೆ ನಾನು ನಡೆಸಿದ ಸಂಶೋಧನೆಯ ಫಲ.”

ಸಂಶೋಧನೆಯ ಹೊಟ್ಟೆಯಿಂದ ಹುಟ್ಟಿದ ಕೂಸು ಈಗ ಅಂಗನವಾಡಿಗೆ ಹೋಗುತ್ತಿತ್ತು.

ಶಹನಾಜ ತಡೆದುಕೊಂಡಳು. ಹೆಸರು ಇನ್ನೂ ಬರುವುದಿತ್ತು. ಅವಳ ಕಣ್ಣು ಓದುವವನ ಕೈಯ ಹಾಳೆಯ ಮೇಲೆ, ದಾದಿಯ ಕಿವಿ ಸ್ಪೀಕರಿನ ಮೇಲೆ.

“ಈ ಎಲ್ಲಾ ರುಚಿಗಳ ಹಿಂದೆ ಇರುವುದು ಒಂದೇ ನಾಲಿಗೆ. ಪ್ರತಿಯೊಂದು ಪಾಕವನ್ನೂ ಸ್ವತಃ ಸವಿದು ನೋಡಿದ ನಮ್ಮ ಅಜ್ಜಾರ ದೈವದತ್ತ ನಾಲಿಗೆ. ಜೈ ರಸಗುಂಡು.”

ಹಾಳೆ ಮಡಚಿದ. ಚಪ್ಪಾಳೆ ಬಿತ್ತು.

ಬೀಬಿಜಾನ ಪಕ್ಕದವಳನ್ನು ಕೇಳುವುದು ವೇದಿಕೆಗೂ ಕೇಳಿಸಿತು. “ಕೂಗಿದ್ರೇನ? ನನಗ ಕೇಳಲಿಲ್ಲ. ಕಿವಿನೂ ಹೋತೇನವಾ ನಂದು?”

ಶಹನಾಜ ರಾಘಣ್ಣನ ಕಡೆ ತಿರುಗಿದಳು. ಅವನು ಫ್ಯಾನು ನೋಡುತ್ತಿದ್ದ.

ಕೆಂಪು ವಸ್ತ್ರ ಸರಿಸಿದರು. ಮೊದಲ ಗುಂಡು ಪುಢಾರಿಗೆ. ಅವನು ಕ್ಯಾಮರಾಕ್ಕೆ ಹಲ್ಲು ತೋರಿಸಿ ಕಚ್ಚಿದ. ಅದು ಟಣ್ ಎನ್ನಲಿಲ್ಲ. ಬೂದಿಯಂತೆ ಒಡೆದು ಗರಿಗರಿ ಅಂಗಿಯ ಮೇಲೆಲ್ಲ ಉದುರಿತು. ಕೆಳಗಿನಿಂದ ಬಂದು ಇನ್ನೊಂದು ಎತ್ತಲು ಹೋದ ಏಜೆಂಟನೊಬ್ಬನ ಬೆರಳಲ್ಲೇ ಪುಡಿ.

“ರಾಘಣ್ಣಾರ, ಇದು ಪೇಪರಮಿಂಟೋ ರಂಗೋಲಿನೋ?” ಅಂದ ಅವನು.

ಸಭೆ ನಕ್ಕಿತು. ಇಂದಿರಾಬಾಯಿ ಬಾಯಿಗೆ ಹಾಕಿಕೊಂಡದ್ದನ್ನು ನಾಲಿಗೆಯಲ್ಲಿ ಹೊರಳಿಸಿ, “ಬರೇ ಸಕ್ಕರಿ ಆಗ್ಯದಲ್ಲೋ ರಾಘಾ” ಎಂದಳು. ಅದೂ ಮೈಕಿನಲ್ಲಿ ಕೇಳಿಸಿತು.

ರಾಘಣ್ಣ ಎದ್ದ. ಕೈಮೈಕು ಹಿಡಿದ. ಮೆತ್ತಗಿನ ದನಿಯಲ್ಲಿ, ಕ್ಷಮಿಸುವವನ ಮುಖ ಮಾಡಿ ಹೇಳಿದ: “ಎಲ್ಲಾರೂ ಕ್ಷಮಾ ಮಾಡಬೇಕು. ಪಾಕ ಮಾಡೂ ನಮ್ಮ ಶಹನಾಜಂದು ಇವತ್ತ ಸ್ವಲ್ಪ ಹದ ತಪ್ಯದ. ಹೆಣ್ಣಮಗಳು, ಗಾಬರ್ಯಾಗಿರಬೇಕು. ನಾವೇನು ಆಕಿಗೆ ಏನೂ ಅನ್ನೂದಿಲ್ಲ.”

ಹೀಗೆ ಐವತ್ತು ವರ್ಷದಲ್ಲಿ ಮೊದಲ ಸಲ ಇಸ್ಮಾಯಿಲಸಾಬನ ಮನೆಯ ಹೆಸರು ಮೈಕಿನಲ್ಲಿ ಬಂತು. ಕನಸು ಬಿದ್ದಾಗ ಬರಲಿಲ್ಲ, ಕೇರಳಕ್ಕೆ ಹೋದಾಗ ಬರಲಿಲ್ಲ, ಸಂಶೋಧನೆಯಲ್ಲೂ ಬರಲಿಲ್ಲ. ಪಾಕ ಕೆಟ್ಟಾಗ ಬಂತು.

ಶಹನಾಜ ಬಿಳಿ ಟೊಪ್ಪಿಗೆಯನ್ನು ತೆಗೆದು ತಾಟಿನ ಮೇಲೆ ಇಟ್ಟಳು. ಎರಡು ಹೆಜ್ಜೆ ಬಂದು ರಾಘಣ್ಣನ ಕೈಯಿಂದ ಮೈಕು ತೆಗೆದುಕೊಂಡಳು. ಕಿತ್ತುಕೊಂಡಳೆಂದು ಆಮೇಲೆ ಅವರು ಹೇಳಿದರು. ಹಾಗಲ್ಲ, ಅವನ ಬೆರಳೇ ಸಡಿಲಾಗಿದ್ದವು.

“ಕೆಟ್ಟದ್ದು ನಂದಂತ ಹೇಳಿದ್ರಿ. ಭಾಳ ಚಲೋ. ನಾ ಮಾಡಿದ್ದು ಇಲ್ಲೈತಿ, ನೋಡ್ರಿ.” ಚೀಲದಿಂದ ಲಿಂಬಿ ಗುಂಡು ತೆಗೆದು ಹಿಡಿದಳು. ಮಂಟಪದ ದೀಪಕ್ಕೆ ಅದು ಹಳದಿ ಗಾಜಿನಂತೆ ಹೊಳೆಯಿತು. “ತಾಟಿನ್ಯಾಗ ಇರೂದು ಯಾರ ಒಲೀದು ಅಂತ ನೀವ ಹೇಳ್ರಿ ಸಾಹುಕಾರ್ರ. ಇಲ್ಲಾ, ಇದನ್ನ ಬಾಯಾಗ ಹಾಕ್ಕೊಂಡು ನಂದು ಹದ ತಪ್ಪೇತಿ ಅಂತ ಹೇಳ್ರಿ. ಎರಡರಾಗ ಒಂದು.”

“ಶಹನಾಜ, ಆಮ್ಯಾಲ ಮಾತಾಡೋಣು...”

“ಆಮ್ಯಾಲ ಮೈಕ ಇರಂಗಿಲ್ರಿ.”

ರಾಘಣ್ಣನ ಕೈ ಏಳಲಿಲ್ಲ. ಗೋವಾಕ್ಕೆ ಹೋದಾಗ ಏನೇನೋ ಉಂಡು ಬರುವ ಬಾಯಿ ಅದು. ತಾಯಿಯ ಎದುರಿಗೆ, ಓಣಿಯವರ ಎದುರಿಗೆ ಒಂದು ಲಿಂಬಿ ಗುಂಡಿಗೆ ತೆರೆಯಲಿಲ್ಲ. ಶಹನಾಜ ಅವನನ್ನು ಬಿಟ್ಟು ಇಂದಿರಾಬಾಯಿಯ ಕಡೆ ಕೈ ಚಾಚಿದಳು.

“ಬಾಯಾರ, ನೀವರ ತಗೋರಿ. ದೊಡ್ಡವರು ನೀವು.”

ಮುದುಕಿ ಬೆಂಕಿ ಕಂಡವಳಂತೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದಳು. ಎದುರಿನ ಮೈಕು ನಡೆಯುತ್ತಿದೆ ಎನ್ನುವ ಎಚ್ಚರ ಅವಳಿಗಿರಲಿಲ್ಲ, ಇದ್ದಿದ್ದರೂ ಹೆದರುತ್ತಿರಲಿಲ್ಲ.

“ಏ, ಏ, ದೂರ ಹಿಡಿ! ನಮ್ಮವರು ಸಾಯೂತನಕಾ ಇದನ್ನ ಬಾಯಾಗ ಹಾಕ್ಕೊಂಡವರಲ್ಲ. ಪಾಕ ಇಸ್ಮಾಯಿಲಸಾಬಂದು, ರುಚಿ ಇಸ್ಮಾಯಿಲಸಾಬಂದು, ನಾವು ಬರೇ ಮಾರವ್ರು, ನಮಗದು ಮುಟ್ಟಂಗಿಲ್ಲ ಅಂತಿದ್ರು. ಈಗ ಈ ವಯಸ್ಸಿನ್ಯಾಗ ನಾ ತಿಂದು ಅವರ ನೇಮ ಕೆಡಸಲೇನು?”

ಮಂಟಪದ ಹೊರಗೂ ಸ್ಪೀಕರು ಕಟ್ಟಿದ್ದರು. ಒಳಗಿನ ಮಾತನ್ನೆಲ್ಲ ಊರಿಗೆ ಕೇಳಿಸಲೆಂದು ಇವರೇ ಕಟ್ಟಿಸಿದ್ದು. ಬಸ್‌ಸ್ಟ್ಯಾಂಡಿನವರೆಗೂ ಇಸ್ಮಾಯಿಲಸಾಬನ ಹೆಸರು ಹೋಯಿತು, ಒಂದಲ್ಲ, ಎರಡು ಸಲ. ಐವತ್ತು ವರ್ಷದ ಚರಿತ್ರೆಯಲ್ಲಿ ಖರೇ ಇದ್ದ ಮಾತು ಅದೊಂದೇ. ಅದನ್ನೂ ಅವಮಾನ ಮಾಡಲೆಂದೇ ಆಡಿದ್ದು.

ಪ್ರಾಣೇಶ ವಯರು ಹುಡುಕಿ ಕಿತ್ತ. ತಡವಾಗಿತ್ತು.

ಶಹನಾಜ ವೇದಿಕೆ ಇಳಿದಳು. ಚೀಲವನ್ನು ಸಿದ್ದಲಿಂಗನ ಕೈಗೆ ಕೊಟ್ಟಳು. ಅವನು ಸಾಲು ಸಾಲಿಗೂ ಹಂಚುತ್ತ ಹೋದ. ಅಂಗಡಿಕಾರರು ತೆಗೆದುಕೊಂಡರು, ಏಜೆಂಟರು ತೆಗೆದುಕೊಂಡರು, ಹುಡುಗರು ಎರಡೆರಡು ತೆಗೆದುಕೊಂಡರು. ಪುಢಾರಿಯೂ ಮೇಲಿಂದ ಕೈ ಚಾಚಿ ಒಂದು ಇಸಿದುಕೊಂಡ, ಅವನಿಗೆ ಜನ ಯಾವ ಕಡೆ ಇದ್ದಾರೆಂದು ಬೇಗ ತಿಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮಂಟಪದ ತುಂಬ ಒಂದೊಂದು ಗಲ್ಲ ಉಬ್ಬಿದ ಮುಖಗಳೇ. ಮೇಲೆ ಪಟದ ಕೆಳಗೆ ಮೂರು ಮುಖ ಚಪ್ಪಟೆಯಾಗಿ ಉಳಿದವು.

ಹೊರಗೆ ಬೇವಿನ ಗಿಡದ ಕೆಳಗೆ ಬೀಬಿಜಾನಳನ್ನು ಕೂಡಿಸಿ ಶಹನಾಜ ಟಂಟಂ ಆಟೋ ಕಾಯುತ್ತಿದ್ದಾಗ ಪ್ರಾಣೇಶ ಓಡುತ್ತ ಬಂದ. ಹಣೆಯಲ್ಲಿ ಬೆವರು.

“ಅಕ್ಕಾ, ತಪ್ಪು ತಿಳ್ಕೋಬ್ಯಾಡ. ಹೆಸರು ನಾ ಬರದಿದ್ದೆ, ಅಪ್ಪ ತಗಸಿದ. ಅಜ್ಜಿದು ಹಳೇ ಕಾಲ. ನನಗ ಇವೆಲ್ಲಾ ಏನೂ ಇಲ್ಲ. ನಾ ಹುಬ್ಬಳ್ಳ್ಯಾಗ ಇದ್ದಾಗ ರಸಗುಂಡು ತಿಂದೀನಿ, ಖರೇ. ರೂಮಿನ್ಯಾಗ ಡಬ್ಬಿ ಇಟ್ಟಿದ್ದೆ.”

“ಹುಬ್ಬಳ್ಳ್ಯಾಗ ತಿಂದಿದ್ದನ್ನ ಹುಬ್ಬಳ್ಳ್ಯಾಗ ಹೇಳೋ ತಮ್ಮಾ” ಎಂದಳು ಶಹನಾಜ. ಏಪ್ರನ್ನಿನ ಕಿಸೆಯಲ್ಲಿ ಒಂದು ಗುಂಡು ಉಳಿದಿತ್ತು. “ಇದು ಗಜೇಂದ್ರಗಡ. ತಗೋ, ತಿನ್ನು.”

ಅವನು ಅಂಗೈ ಚಾಚಿದ, ತೆಗೆದುಕೊಂಡ. ಬಾಯಿಯ ಹತ್ತಿರ ಒಯ್ಯುವ ಮೊದಲು ಹೊರಳಿ ಮಂಟಪದ ಬಾಗಿಲು ನೋಡಿದ. ಬಾಗಿಲಲ್ಲಿ ಅಪ್ಪ ನಿಂತಿದ್ದ. ಪ್ರಾಣೇಶನ ಬೆರಳು ಮೆಲ್ಲಗೆ ಮಡಚಿಕೊಂಡವು. ಮುಷ್ಟಿ ಬಿಗಿಯಾಯಿತು.

“ಬಿಸಿಲೈತಿ” ಎಂದಳು ಶಹನಾಜ. “ಅಂಗೈಗೆ ಅಂಟಿದ್ರ ಲಗೂ ಬಿಡಂಗಿಲ್ಲ, ನೋಡ್ಕೋ.” ಏಪ್ರನ್ನು ಬಿಚ್ಚಿ ಅವನ ಹೆಗಲ ಮೇಲೆ ಹಾಕಿದಳು. “ನಾಳಿಂದ ಭಟ್ಟರಿಗೆ ಉಡಸ್ರಿ. ಅವರ ಪಾಕ ನೀವು ತಿಂತೀರಿ. ಊರು ತಿನ್ನತೈತೇನು, ಕೇಳ್ರಿ.”

ಟಂಟಂ ಬಂತು. ಬೀಬಿಜಾನ ಮೊಮ್ಮಗಳ ತೋಳು ಹಿಡಿದು ಹತ್ತಿದಳು. ಅವಳ ಬಾಯಲ್ಲಿ ಗುಂಡು ಒಂದು ಗಲ್ಲದಿಂದ ಇನ್ನೊಂದಕ್ಕೆ ಹೊರಳುತ್ತಿತ್ತು.

“ಎರಡು ಸಲ ಕೂಗಿದಳಲ್ಲ ಆಕಿ” ಎಂದಳು ಮುದುಕಿ.

“ಆಕಿ ಬೈದಳು, ದಾದಿ. ನಮ್ಮದು ಮುಟ್ಟಂಗಿಲ್ಲ ಅಂದಳು.”

“ನನಗ ಕಿವಿ ಅದಾವು, ಕೇಳಿಸೇತಿ. ಇಷ್ಟು ವರ್ಷ ಬಾಯಿ ಕಟ್ಟಿಗೊಂಡು ಕುಂತಾಕಿ ಕಡೀಕ ಬೈಯಾಕರ ಬಾಯಿ ತಗದಳಲ್ಲ.” ಗುಂಡು ಮತ್ತೆ ಹೊರಳಿತು. ಬೀಬಿಜಾನ ಮುಖ ಸೊಟ್ಟ ಮಾಡಿದಳು. “ಹುಳಿ ಕಮ್ಮಿ ಆತಲ್ಲ ಇದಕ. ನಾಳೆ ಮನಿ ಒಲಿಗೆ ಕಡಾಯಿ ಇಡು, ನಿಮ್ಮ ದಾದಾ ಹಾಕತಿದ್ದಷ್ಟು ಹಾಕು. ಹುಡುಗರು ಬಾಗಲಕ್ಕ ಬರಲಿ.”